ಎಲ್ಲಿಗೆ ಎಂದು ಕೇಳಬಾರದ ಮನುಷ್ಯ

ನನ್ನ ಗಂಡ ವಾಸುದೇವ್ ಅವರನ್ನು ಹೊರಡುವ ಹೊತ್ತಿನಲ್ಲಿ "ಎಲ್ಲಿಗೆ?" ಎಂದು ಕೇಳಬಾರದು. ಕೇಳಿದರೆ ಹೊಸ್ತಿಲಿಂದ ವಾಪಸ್ಸು ಬಂದು, ಬೂಟು ಬಿಚ್ಚಿ, ಕುರ್ಚಿಯಲ್ಲಿ ಕೂತು, ಒಂದು ಲೋಟ ನೀರು ಕುಡಿದು, ಮತ್ತೆ ಬೂಟು ಹಾಕಿಕೊಂಡು ಹೊರಡುತ್ತಾರೆ. ಆ ದಿನವೆಲ್ಲ ಮುಖ ಹಳಸಿದ ಸಾರಿನ ಹಾಗಿರುತ್ತದೆ. ಇದೇನು ಇವರು ಕಂಡುಹಿಡಿದದ್ದಲ್ಲ. ಹೊರಟವರನ್ನು ಎಲ್ಲಿಗೆ ಎಂದು ಕೇಳಿದರೆ ಹೋದ ಕೆಲಸ ಕೈಗೂಡುವುದಿಲ್ಲ ಎಂದು ನಮ್ಮಲ್ಲಿ ಎಲ್ಲ ಮನೆಯ ಹಿರಿಯರೂ ಹೇಳುತ್ತಿದ್ದರು. ಉಳಿದವರ ಮನೆಯಲ್ಲಿ ಆ ಮಾತು ಅಜ್ಜಿಯರ ಜೊತೆಗೇ ಹೋಯಿತು. ನಮ್ಮ ಮನೆಯಲ್ಲಿ ಮಾತ್ರ ಅದು ವೀಸಾ ಮಾಡಿಸಿಕೊಂಡು ಆಕ್ಲೆಂಡಿಗೆ ಬಂತು, ಪಿಆರ್ ತೆಗೆದುಕೊಂಡಿತು, ಈಗ ನ್ಯೂಜಿಲೆಂಡಿನ ಪ್ರಜೆಯೇ ಆಗಿದೆ.

ಮದುವೆಯಾದ ಹೊಸದರಲ್ಲಿ ಇದರ ಹಿಂದೆ ಏನೋ ದೊಡ್ಡ ದುಃಖ ಇರಬೇಕು ಎಂದುಕೊಂಡಿದ್ದೆ. ಯಾರೋ ಕೇಳಿರಬೇಕು, ಹೋದವರು ಬಂದಿರಲಿಕ್ಕಿಲ್ಲ, ಪಾಪ, ಆ ನೋವು ಇವರೊಳಗೆ ಕೂತಿದೆ ಎಂದೆಲ್ಲ ಕಲ್ಪಿಸಿಕೊಂಡು ಕರಗಿಹೋಗಿದ್ದೆ. ಗದಗಿಗೆ ಹೋದಾಗ ಅತ್ತೆಯನ್ನು ಮೆಲ್ಲಗೆ ಕೇಳಿದೆ.

"ಅಂಥಾದ್ದೇನಿಲ್ಲವ್ವಾ," ಎಂದರು ಅತ್ತೆ, ಬದನೆಕಾಯಿ ಹೆಚ್ಚುತ್ತಾ. "ಒಮ್ಮೆ ಪರೀಕ್ಷಾಕ್ಕ ಹೊಂಟಿದ್ದ. ಬಾಜೂಮನಿ ಗುರುರಾಜ ಎಲ್ಲಿಗೆ ಅಂತ ಕೇಳಿಬಿಟ್ಟ. ಹುಬ್ಬಳ್ಳಿ ಬಸ್ ತಪ್ಪಿತು."

"ಆಮೇಲೆ?"

"ಆಮ್ಯಾಲೇನು? ಮುಂದಿನ ಬಸ್ಸಿಗೆ ಹೋದ. ಪಾಸೂ ಆದ."

ಇಷ್ಟೇ. ಒಂದು ಬಸ್ಸು ತಪ್ಪಿದ್ದಕ್ಕೆ ನಾನು ಬಾಳೆಲ್ಲ ಬಾಯಿ ಮುಚ್ಚಿಕೊಂಡಿರಬೇಕಾಯಿತು.

ಏನನ್ನೂ ಕೇಳಬಾರದು ಎಂದೇನಲ್ಲ. "ದೂರಾನಾ?" ಎಂದು ಕೇಳಬಹುದು, ಅಷ್ಟಕ್ಕೆ ಶಾಸ್ತ್ರದಲ್ಲಿ ರಿಯಾಯಿತಿ ಇದೆ. ಅದಕ್ಕೆ ಉತ್ತರ ಯಾವಾಗಲೂ ಒಂದೇ: "ಇಲ್ಲೇ." ತರಕಾರಿಗೆ ಹೊರಟರೂ ಇಲ್ಲೇ, ಹಲ್ಲು ಕೀಳಿಸಲು ಹೊರಟರೂ ಇಲ್ಲೇ. ವಿದ್ಯಾರ್ಥಿಯಾಗಿ ಈ ದೇಶಕ್ಕೆ ಹೊರಟ ದಿನ ಗದಗಿನ ಓಣಿಯಲ್ಲಿ ಯಾರೋ "ದೂರ ಹೊಂಟಿ ಏನಪಾ?" ಎಂದಾಗಲೂ ಈ ಮಹಾನುಭಾವರು ಸೂಟ್‌ಕೇಸ್ ಹಿಡಿದುಕೊಂಡು "ಇಲ್ಲೇ, ಹೋಗಿ ಬರ್ತೇನಿ" ಎಂದಿದ್ದರಂತೆ. ಮೂರು ವಿಮಾನ ಹತ್ತಿ ಇಳಿಯುವಷ್ಟು ಇಲ್ಲೇ.

ಇಂಥವರಿಗೆ ದೇವರು ಕೊಟ್ಟ ಉದ್ಯೋಗವನ್ನು ನೋಡಬೇಕು. ಪೆನ್‌ರೋಸ್‌ನಲ್ಲಿ ಒಂದು ಸಾಗಣೆ ಕಂಪನಿಯ ಗೋದಾಮು. ಅಲ್ಲಿ ಕೂತು ದಿನವಿಡೀ ಲಾರಿ ಡ್ರೈವರುಗಳಿಗೆ ಫೋನ್ ಮಾಡಿ ಎಲ್ಲಿದ್ದೀಯ, ಎಲ್ಲಿಗೆ ಹೊರಟೆ, ಎಷ್ಟೊತ್ತಿಗೆ ಮುಟ್ಟುತ್ತೀಯ ಎಂದು ಕೇಳುವುದೇ ಕೆಲಸ. ಒಂದೊಂದು ಲಾರಿಯೂ ಪರದೆಯ ಮೇಲೆ ಒಂದೊಂದು ಚುಕ್ಕಿ. ಚುಕ್ಕಿ ಸ್ವಲ್ಪ ಹೊತ್ತು ನಿಂತರೆ ಇವರ ಎದೆ ನಿಲ್ಲುತ್ತದೆ. ಊರಿನ ಲಾರಿಗಳೆಲ್ಲ ಇವರಿಗೆ ಲೆಕ್ಕ ಒಪ್ಪಿಸಬೇಕು, ಇವರು ಮಾತ್ರ ಕಟ್ಟಿಕೊಂಡ ಹೆಂಡತಿಗೂ ಒಪ್ಪಿಸಬೇಕಾಗಿಲ್ಲ.

ಮಗಳು ಪೂರ್ವಿ ಇಲ್ಲೇ ಹುಟ್ಟಿದವಳು. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಬರುವುದು ಇಂಗ್ಲಿಷಿನಲ್ಲಿ. ಮೂರು ವರ್ಷದವಳಿದ್ದಾಗ ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು "ವೇರ್ ಆರ್ ಯೂ ಗೋಯಿಂಗ್, ಅಪ್ಪಾ?" ಎನ್ನುವಳು. ಅಪ್ಪ ವಾಪಸ್ಸು ಬಂದು ಕೂತು ನೀರು ಕುಡಿಯುವರು. ಮಗುವಿಗೆ ಅದೊಂದು ಆಟವಾಯಿತು. ಅಪ್ಪ ಎದ್ದ ಕೂಡಲೇ ಮತ್ತೆ ಕೇಳುವಳು. ಅಪ್ಪ ಮತ್ತೆ ಕೂರುವರು. ಆ ವರ್ಷ ಇವರು ಆಫೀಸಿಗೆ ಹೊತ್ತಿಗೆ ಸರಿಯಾಗಿ ಹೋದದ್ದು ಮಗುವಿಗೆ ಜ್ವರ ಬಂದ ದಿನಗಳಲ್ಲಿ ಮಾತ್ರ. ಮುಂದೆ ಅವಳು ದೊಡ್ಡವಳಾದ ಮೇಲೆ ಅದೇ ಶಾಸ್ತ್ರವನ್ನು ತಿರುಗಿಸಿ ಹಿಡಿದಳು. ಶನಿವಾರ ಸಂಜೆ ಕಣ್ಣಿಗೆ ಬಣ್ಣ ಹಚ್ಚಿಕೊಂಡು ಬಾಗಿಲಲ್ಲಿ ನಿಂತು ತನಗೆ ಚೆನ್ನಾಗಿ ಬರುವ ಒಂದೇ ಕನ್ನಡ ಪದವನ್ನು ಹೇಳುವಳು: "ಇಲ್ಲೇ." ಇವರ ಬಾಯಿ ತೆರೆಯುವುದು, ಮುಚ್ಚುವುದು. ಮಾಡಿದ್ದುಣ್ಣೋ ಮಹಾರಾಯ ಎಂದು ನಾನು ಒಳಗೊಳಗೇ ನಕ್ಕರೂ, ಅವಳು ಮನೆಗೆ ಬರುವವರೆಗೆ ನನಗೂ ನಿದ್ದೆ ಬರುತ್ತಿರಲಿಲ್ಲ.

ನಾನು ನರ್ಸ್. ಮೈಸೂರಿನಲ್ಲಿ ಕಲಿತು ಬಂದು ಇಲ್ಲಿನ ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ. ವಾರ್ಡಿನಲ್ಲಿ ರೋಗಿ ಹಾಸಿಗೆಯಿಂದ ಕಾಲು ಕೆಳಗಿಟ್ಟರೂ ಎಲ್ಲಿಗೆ ಹೊರಟಿರಿ ಎಂದು ಕೇಳುತ್ತೇನೆ. ಕೇಳದಿದ್ದರೆ ಅದು ತಪ್ಪು. ಹೆಂಡರ್ಸನ್‌ನ ನಮ್ಮ ಮನೆಗೆ ಬಂದರೆ ಕೇಳುವುದೇ ತಪ್ಪು.

ಐವತ್ತು ದಾಟಿದ ಮೇಲೆ ಇವರಿಗೆ ಸೈಕಲ್ ಹುಚ್ಚು ಹತ್ತಿತು. ಈ ವಯಸ್ಸಿನ ಗಂಡಸರಿಗೆ ಏನಾದರೊಂದು ಹತ್ತುತ್ತದೆ, ಸೈಕಲ್ ಆದದ್ದು ನನ್ನ ಪುಣ್ಯ ಎಂದು ಗೆಳತಿಯರು ಹೇಳಿದರು. ಮೆಡಿಟರೇನಿಯನ್ ಸಮುದ್ರದ ಯಾವುದೋ ದ್ವೀಪದಲ್ಲಿ ಗಡ್ಡದ ಯುವಕನೊಬ್ಬ ದಪ್ಪ ಟೈರಿನ ಸೈಕಲ್ಲಿಗೆ ಚೀಲಗಳನ್ನು ಕಟ್ಟಿಕೊಂಡು, ಜಲ್ಲಿ ರಸ್ತೆಗಳಲ್ಲಿ ದಿನಗಟ್ಟಲೆ ತುಳಿದು, ದ್ವೀಪದ ಈ ತುದಿಯಿಂದ ಆ ತುದಿಗೆ ಹೋಗುವ ವಿಡಿಯೋ. ಅದನ್ನು ಊಟಕ್ಕೆ ಕೂತಾಗ ನೋಡಿದರು, ಇಸ್ತ್ರಿ ಮಾಡುವಾಗ ನೋಡಿದರು. ಆ ಯುವಕ ಆಲಿವ್ ಮರದ ಕೆಳಗೆ ಬ್ರೆಡ್ಡು ತಿನ್ನುವ ಜಾಗ ಬಂದರೆ ಇವರ ಕಣ್ಣಂಚು ಒದ್ದೆಯಾಗುತ್ತಿತ್ತು. ನಾನು ಪಕ್ಕದಲ್ಲೇ ಕೂತು ಅಷ್ಟು ಚೆಂದದ ರೊಟ್ಟಿ ಬಡಿದು ಹಾಕುತ್ತಿದ್ದೆ, ಅದಕ್ಕೆ ಒದ್ದೆಯಾಗಲಿಲ್ಲ.

"ಒಂದು ದ್ವೀಪ ದಾಟಬೇಕು ರತ್ನಾ. ಜೀವನದಾಗ ಒಂದರ ದ್ವೀಪ ದಾಟಬೇಕು," ಎಂದರು ಒಂದು ದಿನ.

"ಏನ್ರೀ, ನಾವಿರೋದು ಯಾವುದರ ಮೇಲೆ? ಇಲ್ಲಿ ಎರಡೆರಡು ದ್ವೀಪ ಬಿಟ್ಟಿ ಬಿದ್ದಿವೆಯಲ್ಲ. ಮೂರನೇದಕ್ಕೆ ಅಷ್ಟು ದೂರ ಹೋಗ್ತೀರಾ?" ಎಂದೆ.

ತಮಾಷೆಗೆ ಹೇಳಿದ್ದು ನನಗೇ ಸುತ್ತಿಕೊಂಡಿತು. ಮಾರನೇ ವಾರ ಸೌತ್ ಐಲೆಂಡಿನ ನಕ್ಷೆ ಊಟದ ಮೇಜಿನ ಮೇಲೆ ಹರಡಿತ್ತು. ಒಟಾಗೊ ಸೀಮೆಯ ಕ್ಲೈಡಿನಿಂದ ಹೊರಟು, ಹಳೆಯ ರೈಲು ಹಳಿ ಕಿತ್ತು ಜಲ್ಲಿ ಹಾಕಿದ ದಾರಿಯಲ್ಲಿ ತುಳಿದು, ಡನೀಡಿನ್ ಸಮುದ್ರದಲ್ಲಿ ಮುಂದಿನ ಚಕ್ರ ಅದ್ದುವುದು. ದ್ವೀಪದ ಪಶ್ಚಿಮದ ಅರ್ಧ ಎಲ್ಲಿಗೆ ಹೋಯಿತು ಎಂದು ಕೇಳಿದರೆ ಅದು ಬರೀ ಬೆಟ್ಟ, ಲೆಕ್ಕಕ್ಕಿಲ್ಲ ಎಂದರು.

ಹೊಸ ಸೈಕಲ್ ಬಂತು. ಹಸುಗೂಸಿನ ಹಾಗೆ ಒಂದು ಕೈಯಲ್ಲಿ ಎತ್ತಬಹುದು. ಅದಕ್ಕೆ ಕುಂಕುಮ ಹಚ್ಚಿ, ಹೂವು ಏರಿಸಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿದರು. ಅಷ್ಟು ಹಗುರದ ಸೈಕಲ್ಲಿಗೆ ನಿಂಬೆಹಣ್ಣನ್ನು ಒಡೆಯುವ ಶಕ್ತಿ ಎಲ್ಲಿಂದ ಬರಬೇಕು? ಅದು ನಿಂಬೆಹಣ್ಣಿನ ಮೇಲೆ ಹತ್ತಿ, ಜಾರಿ, ಮಗ್ಗುಲಿಗೆ ಬಿತ್ತು. ಕೊನೆಗೆ ಇವರೇ ಮೇಲೆ ಕೂತರು, ನಾನು ಹಿಂದಿನಿಂದ ನೂಕಿದೆ, ಹಣ್ಣು ಅಪ್ಪಚ್ಚಿಯಾಯಿತು. ಭಾರ ಕಡಿಮೆ ಮಾಡಲೆಂದು ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಅರ್ಧಕ್ಕೆ ಕತ್ತರಿಸಿದರು. ತಮ್ಮ ಹೊಟ್ಟೆಯ ಕಡೆ ಕತ್ತರಿ ಹೋಗಲಿಲ್ಲ.

ಜೊತೆಗೆ ಬರುತ್ತೇನೆಂದಿದ್ದ ಕನ್ನಡ ಸಂಘದ ಗೆಳೆಯ ಪ್ರಮೋದನಿಗೆ ಹೊರಡುವ ವಾರ ಸರಿಯಾಗಿ ಬೆನ್ನು ಹಿಡಿಯಿತು. ಒಬ್ಬರೇ ಹೋಗುವುದಾದರೆ ನಾನು ಕಾರಿನಲ್ಲಿ ಬರುತ್ತೇನೆ ಎಂದು ಪಟ್ಟು ಹಿಡಿದೆ. ಬೈಕ್‌ಪ್ಯಾಕಿಂಗ್ ಎಂದರೆ ಎಲ್ಲವನ್ನೂ ತಾನೇ ಹೊತ್ತು ತನ್ನ ಪಾಡಿಗೆ ತಾನು ಹೋಗುವುದು, ಹಿಂದೆ ಹೆಂಡತಿ ಕಾರು ಓಡಿಸಿಕೊಂಡು ಬಂದರೆ ಅದು ಮದುವೆ ದಿಬ್ಬಣವಾಗುತ್ತದೆ ಎಂದು ವಾದಿಸಿದರು. ಕೊನೆಗೆ ರಾಜಿಯಾಯಿತು. ನಾನು ಹೆದ್ದಾರಿಯಲ್ಲಿ, ಅವರ ಕಣ್ಣಿಗೆ ಬೀಳದಂತೆ ಹೋಗಬೇಕು. ಸಂಜೆ ಯಾವ ಊರಿನ ಕ್ಯಾಂಪ್‌ಗ್ರೌಂಡಿನಲ್ಲಿ ಸಿಗುವುದೆಂದು ಹಿಂದಿನ ದಿನವೇ ಹೇಳುತ್ತಾರೆ, ಹೊರಡುವ ಹೊತ್ತಲ್ಲವಾದ್ದರಿಂದ ಅದಕ್ಕೆ ದೋಷವಿಲ್ಲ. ಯಾವ ದಾರಿ, ಎಲ್ಲೆಲ್ಲಿ ನಿಲ್ಲುತ್ತೀರಿ ಎಂದು ಮಾತ್ರ ಬೆಳಿಗ್ಗೆ ಕೇಳುವ ಹಾಗಿಲ್ಲ. ಅಕ್ಕಿ, ಕುಕ್ಕರ್, ಚಟ್ನಿಪುಡಿ, ಹಾಸಿಗೆ, ಬಿಸಿನೀರಿನ ಚೀಲ ಎಲ್ಲ ನನ್ನ ಕಾರಿನಲ್ಲಿ. ತಾನೇ ಹೊತ್ತುಕೊಂಡು ಹೋಗುವ ಧೀರರು ಹೊತ್ತದ್ದು ಅರ್ಧ ಬ್ರಷ್ಷು ಮತ್ತು ನೀರಿನ ಬಾಟಲಿಗಳು.

ಒಂದು ಮುಖ್ಯವಾದ ವಸ್ತುವನ್ನು ಬಿಟ್ಟೇ ಹೋಗಿದ್ದರು ಎಂದು ಆಮೇಲೆ ಗೊತ್ತಾಯಿತು. ಈ ದೇಶದಲ್ಲಿ ಗುಡ್ಡಕಾಡಿಗೆ ಹೋಗುವವರು ಅಂಗೈಯಗಲದ ಒಂದು ಯಂತ್ರ ಇಟ್ಟುಕೊಳ್ಳುತ್ತಾರೆ. ಆಪತ್ತಿನಲ್ಲಿ ಗುಂಡಿ ಒತ್ತಿದರೆ ಎಲ್ಲಿದ್ದೀರೆಂದು ಆಕಾಶದ ಮೂಲಕ ಸುದ್ದಿ ಹೋಗುತ್ತದೆ. ಪೂರ್ವಿ ಅಪ್ಪನಿಗೆಂದೇ ಗೆಳತಿಯಿಂದ ಕೇಳಿ ತಂದುಕೊಟ್ಟಿದ್ದಳು. ಭಾರ ಎಂದು ಅದನ್ನು ನನ್ನ ಕಾರಿನ ಡಿಕ್ಕಿಯಲ್ಲಿ ಅಕ್ಕಿ ಚೀಲದ ಹಿಂದೆ ಇಟ್ಟಿದ್ದರು. ಎಲ್ಲಿದ್ದಾರೆಂದು ಹೇಳುವ ಯಂತ್ರವೂ ಇವರಿಗಾಗುವುದಿಲ್ಲ.

ಮೊದಲ ದಿನ ಸುಸೂತ್ರವಾಗಿ ಮುಗಿಯಿತು. ಅಂದುಕೊಂಡದ್ದಕ್ಕಿಂತ ತುಂಬ ತಡವಾಗಿ ಬಂದರೂ ಬಂದರು. ಮುಖ ಕೆಂಪಗೆ, ಮಾತು ಕಡಿಮೆ. ಯಾಕೆ ಇಷ್ಟು ಹೊತ್ತು ಎಂದರೆ "ಈ ದಾರಿಗೆ ಮಂದಿ ಬಾಳ" ಎಂದಷ್ಟೇ ಹೇಳಿದರು. ನನಗೆ ಅರ್ಥವಾಗಲಿಲ್ಲ. ಎರಡನೇ ದಿನ ಬೆಳಿಗ್ಗೆ ಒಮಾಕೌ ಎಂಬ ಊರಿಂದ ಹೊರಟರು. ನಾನು "ದೂರಾನಾ?" ಎಂದೆ. "ಇಲ್ಲೇ" ಎಂದರು. ಸಂಜೆ ಸಿಗಬೇಕಾದ ಊರು ರಾನ್‌ಫರ್ಲಿ.

ಫೆಬ್ರವರಿಯ ಬಿಸಿಲು. ಆ ಸೀಮೆಯಲ್ಲಿ ಮರವೆಂಬುದು ಅಪರೂಪ, ಕಣ್ಣು ಹಾಯುವವರೆಗೆ ಒಣಹುಲ್ಲಿನ ಬೋಳು ಗುಡ್ಡ. ನಾನು ರಾನ್‌ಫರ್ಲಿಯ ಕ್ಯಾಂಪ್‌ಗ್ರೌಂಡಿನಲ್ಲಿ ಅನ್ನ ಮಾಡಿಟ್ಟುಕೊಂಡು ಕಾದೆ. ಮಧ್ಯಾಹ್ನ ಕಳೆಯಿತು. ಬಯ್ಯಬೇಕಾದ ಮಾತುಗಳನ್ನು ಒಂದೊಂದಾಗಿ ಜೋಡಿಸಿಟ್ಟುಕೊಂಡೆ. ಸಂಜೆಯಾಯಿತು. ಜೋಡಿಸಿದ ಮಾತುಗಳೆಲ್ಲ ಒಂದೊಂದಾಗಿ ಮರೆತುಹೋದವು. ಫೋನ್ ಮಾಡಿದರೆ ಸಿಗ್ನಲ್ ಇಲ್ಲವೆಂದು ಹೇಳುವ ಹೆಂಗಸಿನ ದನಿ ಬಿಟ್ಟರೆ ಬೇರೇನೂ ಇಲ್ಲ. ನನಗೆ ಭಯವಾಗತೊಡಗಿತು. ಬಿಸಿಲಿಗೆ ಕುಸಿದು ಬಿದ್ದವರನ್ನು ನಾನು ವಾರ್ಡಿನಲ್ಲಿ ನೋಡಿದ್ದೇನೆ, ಅದು ಎಷ್ಟು ಬೇಗ ಕೈಮೀರುತ್ತದೆ ಎಂದು ಗೊತ್ತು.

ಕ್ಯಾಂಪ್‌ಗ್ರೌಂಡಿನ ಒಡತಿ ಶೋನಾ ಎಂಬ ಅರವತ್ತರ ಹೆಂಗಸು. ಗಮ್‌ಬೂಟು, ಒರಟು ಕೈ, ಕಡಿಮೆ ಮಾತು. ಅವಳ ಹತ್ತಿರ ಹೋಗಿ ಗಂಡ ಬಂದಿಲ್ಲ ಎಂದೆ.

"ಯಾವ ದಾರಿಯಲ್ಲಿ ಬರುತ್ತೇನೆಂದು ಹೇಳಿದ್ದ?" ಎಂದಳು. ಈ ದೇಶದಲ್ಲಿ ಗುಡ್ಡ ಹತ್ತುವ ಮಕ್ಕಳಿಗೂ ಕಲಿಸುವ ಮೊದಲ ಪಾಠ ಅದು, ಹೋಗುವ ಮುಂಚೆ ಯಾರಿಗಾದರೂ ಹೇಳಿ ಹೋಗು ಎಂದು.

"ಹೇಳಲಿಲ್ಲ."

"ನೀನು ಕೇಳಲಿಲ್ಲವಾ?"

"ಇಲ್ಲ."

"ಯಾಕೆ? ಜಗಳವಾಡಿದ್ದೀರಾ?"

ಅವಳಿಗೆ ನಾನು ಇಂಗ್ಲಿಷಿನಲ್ಲಿ ಶಾಸ್ತ್ರ ವಿವರಿಸಬೇಕಾಯಿತು. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಕೇಳಿದರೆ ಕೆಲಸ ಕೆಡುತ್ತದೆ, ಆಗ ತಿರುಗಿ ಬಂದು ಕೂತು ನೀರು ಕುಡಿದು ಹೊಸದಾಗಿ ಹೊರಡಬೇಕು. ಹೇಳುತ್ತಾ ಹೇಳುತ್ತಾ ನನ್ನ ಕಿವಿಗೇ ಅದು ಹುಚ್ಚರ ಮಾತಿನಂತೆ ಕೇಳಿಸಿತು. ಗಂಡ ಎಲ್ಲಿ ಎಂದು ಕೇಳಿದರೆ ಹೇಳಲು ಏನೂ ಇಲ್ಲದ ಹೆಂಡತಿಯಾಗಿ ನಿಂತಿದ್ದೆ. ಅಳು ಬಂತು. ಇಷ್ಟು ವರ್ಷ ಇವರಿಗೆ ಹೆದರಿ ಸುಮ್ಮನಿದ್ದವಳಲ್ಲ ನಾನು, ಹೋಗಲಿ ಪಾಪ ಎಂದು ಬಿಟ್ಟುಕೊಟ್ಟವಳು. ಆ ಬಿಟ್ಟುಕೊಟ್ಟದ್ದು ಈಗ ಇವರ ಜೀವಕ್ಕೇ ಮುಳುವಾಗುತ್ತದೋ ಏನೋ ಎನ್ನಿಸಿತು.

ಶೋನಾ ನಗಲಿಲ್ಲ. ಊರಿನ ಪೊಲೀಸನಿಗೆ ಫೋನ್ ಮಾಡಿದಳು. ಅವನು ಬೇರೆ ಕಡೆ ಅಪಘಾತಕ್ಕೆ ಹೋಗಿದ್ದ, ಬರುತ್ತೇನೆ, ಅಷ್ಟರಲ್ಲಿ ದಾರಿಯಲ್ಲಿ ವಿಚಾರಿಸಿ ಎಂದ. ಆಗ ಪಕ್ಕದ ಟೆಂಟಿನ ಮುಂದೆ ಕೂತಿದ್ದ ಮುದುಕ ಎದ್ದು ಬಂದ. ಅವನೂ ಅವನ ಹೆಂಡತಿಯೂ ಅದೇ ದಾರಿಯಲ್ಲಿ ಸೈಕಲ್ ತುಳಿದುಕೊಂಡು ಬಂದಿದ್ದವರು.

"ನೀರು ಕುಡಿಯೋದು ಅಂದೆಯಲ್ಲ," ಎಂದ. "ಬೆಳಿಗ್ಗೆ ಒಂದು ಗೇಟಿನ ಹತ್ತಿರ ಒಬ್ಬ ಸಿಕ್ಕಿದ್ದ. ನಾನು ಎಲ್ಲಿಗೆ ಹೊರಟೆ ಮೇಟ್ ಅಂದೆ. ಉತ್ತರವನ್ನೇ ಕೊಡಲಿಲ್ಲ. ಸೈಕಲ್ ತಿರುಗಿಸಿಕೊಂಡು ಹಿಂದೆ ಹೋದ, ಬೇಲಿಗೆ ಒರಗಿಸಿದ, ಬೂಟು ಬಿಚ್ಚಿ ಹುಲ್ಲಿನ ಮೇಲೆ ಕೂತ, ನೀರು ಕುಡಿದ, ಮತ್ತೆ ಬೂಟು ಹಾಕಿಕೊಂಡು ಹೊರಟ. ಏನೋ ವ್ಯಾಯಾಮ ಇರಬೇಕು ಅಂದುಕೊಂಡೆವು."

ನನಗೆ ಆಗ ಅರ್ಥವಾಯಿತು, ಈ ದಾರಿಗೆ ಮಂದಿ ಬಾಳ ಎಂದರೆ ಏನೆಂದು. ಈ ದೇಶದ ಜನ ಒಳ್ಳೆಯವರು. ದಾರಿಯಲ್ಲಿ ಎದುರಾದರೆ ನಕ್ಕು ಎಲ್ಲಿಗೆ ಹೊರಟೆ ಎಂದು ಕೇಳುವುದು ಅವರ ಮರ್ಯಾದೆ, ನಮಸ್ಕಾರ ಇದ್ದ ಹಾಗೆ. ರೈಲು ದಾರಿಯಲ್ಲಿ ಪ್ರತಿ ಗೇಟಿಗೂ, ಪ್ರತಿ ಸೇತುವೆಗೂ ಒಬ್ಬೊಬ್ಬ ಒಳ್ಳೆಯವನು ನಿಂತಿದ್ದಾನೆ. ಪ್ರತಿಯೊಬ್ಬನೂ ಕೇಳಿದ್ದಾನೆ. ಪ್ರತಿ ಸಲವೂ ನಮ್ಮವರು ತಿರುಗಿ ಹೋಗಿ ಕೂತು ನೀರು ಕುಡಿದಿದ್ದಾರೆ. ಹೀಗೆ ದ್ವೀಪ ದಾಟಲು ಹೊರಟರೆ ದ್ವೀಪ ಯಾವಾಗ ಮುಗಿಯಬೇಕು?

ಶೋನಾ ತನ್ನ ಯೂಟನ್ನು, ಹಿಂಬದಿ ತೆರೆದ ಪಿಕಪ್ ಗಾಡಿಯನ್ನು, ತೆಗೆದಳು. ನಾನು ಬಾಟಲಿಗಳಲ್ಲಿ ನೀರು, ಸಕ್ಕರೆ, ಉಪ್ಪು ಹಾಕಿಕೊಂಡು ಪಕ್ಕದಲ್ಲಿ ಹತ್ತಿದೆ. ಇಲ್ಲಿ ಬೇಸಿಗೆಯಲ್ಲಿ ಕತ್ತಲಾಗುವುದು ತಡ, ಅದೊಂದೇ ಧೈರ್ಯ. ಸೀದಾ ಒಮಾಕೌಗೆ ಹೋಗಿ, ಅಲ್ಲಿಂದ ವಾಪಸ್ಸು ಬರುತ್ತಾ, ರೈಲು ದಾರಿ ರಸ್ತೆಯನ್ನು ಕೂಡುವ ಕಡೆಯಲ್ಲೆಲ್ಲ ನಿಲ್ಲಿಸಿ ವಿಚಾರಿಸಿದೆವು. ನೀರು ಕುಡಿದ ಮನುಷ್ಯ ಎಂದರೆ ಸಾಕು, ಎಲ್ಲರಿಗೂ ನೆನಪು. ಬೇಲಿ ರಿಪೇರಿಯವನಿಗೆ ನೆನಪು, ಕುದುರೆ ಮೇಲಿದ್ದ ಹುಡುಗಿಗೆ ನೆನಪು. ಒಬ್ಬಳು ಅಜ್ಜಿ ತಾನು ಕೇಳಿದ ಪ್ರಶ್ನೆಯಿಂದ ಅವರಿಗೆ ಏನಾದರೂ ನೋವಾಯಿತೇ ಎಂದು ಇನ್ನೂ ಚಿಂತೆಯಲ್ಲಿದ್ದಳು. ನನ್ನ ಗಂಡ ಇಷ್ಟು ಜನಪ್ರಿಯರಾದದ್ದನ್ನು ನಾನು ಕನ್ನಡ ಸಂಘದಲ್ಲೂ ಕಂಡಿರಲಿಲ್ಲ.

ಅರ್ಧ ದಾರಿಯ ಒಂದು ಹಳ್ಳಿಯ ಕೆಫೆಯಲ್ಲಿ ಜಾಡು ನಿಂತಿತು. ಬಾಗಿಲು ಹಾಕುತ್ತಿದ್ದ ಹುಡುಗಿ ಕೈಕಟ್ಟಿಕೊಂಡು ಹೇಳಿದಳು:

"ಹೌದು, ಬಂದಿದ್ದರು. ಹೊರಗೆ ಹೋದರು, ಬಾಗಿಲಲ್ಲಿ ಯಾರೋ ಮಾತಾಡಿಸಿದರು, ವಾಪಸ್ಸು ಬಂದು ಅದೇ ಕುರ್ಚಿಯಲ್ಲಿ ಕೂತು ನೀರು ಕುಡಿದರು. ಮತ್ತೆ ಹೋದರು, ಮತ್ತೆ ಬಂದರು. ನಮ್ಮ ಜಾಗ ಬಹಳ ಇಷ್ಟವಾಗಿದೆ ಅಂದುಕೊಂಡೆ. ಕೊನೆಗೆ ಹಿಂಬಾಗಿಲು ಇದೆಯಾ ಅಂತ ಕೇಳಿ ಅಲ್ಲಿಂದ ಹೋದರು."

"ಆಮೇಲೆ?"

ಆಮೇಲೆ ಯಾರೂ ನೋಡಿಲ್ಲ. ಮುಂದಿನ ಗೇಟಿನವನು ನೋಡಿಲ್ಲ, ಸೇತುವೆಯವರು ನೋಡಿಲ್ಲ. ಶೋನಾ ತಲೆ ಕೆರೆದುಕೊಂಡಳು. ಸುತ್ತ ನೂರಾರು ಜಲ್ಲಿ ರಸ್ತೆಗಳಿವೆ, ಪೊಲೀಸನೇ ಬರಲಿ, ಹೆಲಿಕಾಪ್ಟರ್ ಕರೆಸೋಣ ಎಂದಳು.

ನಾನು ಕೆಫೆಯ ಹಿಂಬಾಗಿಲಲ್ಲಿ ನಿಂತು ನೋಡಿದೆ. ಈ ಮನುಷ್ಯ ಎಲ್ಲಿಗೆ ಹೋಗುತ್ತಾರೆಂದು ನಾನು ಒಂದು ದಿನವೂ ಕೇಳಿದವಳಲ್ಲ ನಿಜ. ಆದರೆ ಕೇಳದೆ ಬದುಕಿದ ಹೆಂಡತಿಗೆ ಗಂಡನ ತಲೆ ಹೇಗೆ ಓಡುತ್ತದೆಂದು ತಿಳಿಯದೆ ಇರುತ್ತದೆಯೇ?

"ಶೋನಾ, ಇಲ್ಲಿಂದ ರಾನ್‌ಫರ್ಲಿ ಕಡೆಗೆ, ಯಾರೂ ಇಲ್ಲದ ದಾರಿ ಯಾವುದಾದರೂ ಇದೆಯಾ? ಮನೆ ಇರಬಾರದು, ಮನುಷ್ಯರು ಇರಬಾರದು, ಮಾತಾಡಿಸುವವರು ಯಾರೂ ಇರಬಾರದು."

ಅವಳು ಒಂದು ಕ್ಷಣ ನನ್ನನ್ನೇ ನೋಡಿ, ಗುಡ್ಡದ ಕಡೆ ಕೈ ಮಾಡಿದಳು. "ಅದೊಂದಿದೆ. ಗುಡ್ಡದ ನೆತ್ತಿ ಬಳಸಿ ಹೋಗುತ್ತದೆ. ಈಗ ಅಲ್ಲಿ ಕುರಿ ಕೂಡ ಇಲ್ಲ."

"ಹಾಗಾದರೆ ಅಲ್ಲೇ ಇದ್ದಾರೆ," ಎಂದೆ.

ಯೂಟ್ ಆ ದಾರಿಯಲ್ಲಿ ಕುಣಿಯುತ್ತಾ ಹತ್ತಿತು. ಒಂದು ಕಡೆ ಜಲ್ಲಿಯಲ್ಲಿ ಸಣ್ಣ ಚಕ್ರದ ಗುರುತು ಕಾಣಿಸಿತು. ನಾನು ತಿಳಿದ ದೇವರಿಗೆಲ್ಲ ಹರಕೆ ಹೊತ್ತೆ. ಇವರು ಸಿಕ್ಕರೆ ಸಾಕು, ಬಯ್ಯುವುದಿಲ್ಲ ಎಂದೂ ಹೊತ್ತೆ. ಆ ಹರಕೆ ಇನ್ನೂ ಬಾಕಿ ಇದೆ.

ನೆತ್ತಿ ದಾಟಿದ ಮೇಲೆ ಕುರಿ ಕೂಡಿಹಾಕುವ ಹಳೆಯ ಮರದ ದೊಡ್ಡಿಯೊಂದಿತ್ತು. ಅದರ ಹಲಗೆಯ ನೆರಳಿನಲ್ಲಿ, ಒಂದು ಕಾಲು ಉದ್ದಕ್ಕೆ ಚಾಚಿಕೊಂಡು ನಮ್ಮವರು ಕೂತಿದ್ದರು. ಪಕ್ಕದಲ್ಲಿ ಸೈಕಲ್ ಬಿದ್ದಿತ್ತು, ಹಿಂದಿನ ಗೇರು ಮುರಿದು ಚೈನಿನಲ್ಲಿ ನೇತಾಡುತ್ತಿತ್ತು. ಖಾಲಿ ಬಾಟಲಿಗಳು ಸಾಲಾಗಿ ನಿಂತಿದ್ದವು. ಹೊತ್ತುಕೊಂಡು ಬಂದ ನೀರೆಲ್ಲ ಒಳ್ಳೆಯ ಜನರ ಪ್ರಶ್ನೆಗಳಿಗೆ ಖರ್ಚಾಗಿತ್ತು.

ನಾನು ಓಡಿದೆ. ಮೊದಲು ನಾಡಿ ಹಿಡಿದೆ. ವೇಗವಾಗಿತ್ತು, ಆದರೆ ಇತ್ತು. ನಾಲಿಗೆ ಚಾಚಿ ಎಂದೆ, ಒಣಗಿ ಬಿರಿದಿತ್ತು. ಕೈಯ ಚರ್ಮ ಚಿವುಟಿದರೆ ಹಾಗೇ ನಿಂತಿತು. ಪಾದದ ಕೀಲು ಊದಿತ್ತು. ಹೆಸರು ಕೇಳಿದೆ, ವಾರ ಕೇಳಿದೆ, ಎರಡಕ್ಕೂ ಸರಿಯಾಗಿ ಉತ್ತರ ಕೊಟ್ಟರು. ನೀರನ್ನು ಒಂದೊಂದೇ ಗುಟುಕು ಕುಡಿಸಿದೆ. ನರ್ಸಿನ ಕೆಲಸ ಮುಗಿದ ಮೇಲೆ ಹೆಂಡತಿಯ ಸರದಿ ಬಂತು.

"ಎಲ್ಲಿಗೆ ಹೋಗಿದ್ರಿ?" ಎಂದು ಕೂಗಿದೆ.

ಒಣಗಿದ ತುಟಿಯಿಂದ ಮೆಲ್ಲಗೆ ಹೇಳಿದರು, "ಇಲ್ಲೇ."

ಹೊಡೆಯಬೇಕು ಎನ್ನಿಸಿತು. ತಬ್ಬಿಕೊಂಡೆ. ಶೋನಾ ಮುಖ ತಿರುಗಿಸಿ ಸೈಕಲ್ಲನ್ನು ಒಂದೇ ಕೈಯಲ್ಲಿ ಎತ್ತಿ ಯೂಟಿನ ಹಿಂದಕ್ಕೆ ಎಸೆದಳು. ಆಮೇಲೆ ಸ್ಟಿಯರಿಂಗ್ ಹಿಡಿದು ತನ್ನ ದೇಶದ ಮರ್ಯಾದೆಯಂತೆ ಕೇಳಿಯೇಬಿಟ್ಟಳು, "ಸರಿ, ಈಗ ಎಲ್ಲಿಗೆ?"

ಇವರು ನನ್ನ ಮುಖ ನೋಡಿದರು. "ಕೂತೇ ಇದ್ದೀರಿ. ನೀರೂ ಕುಡೀತಿದ್ದೀರಿ. ಶಾಸ್ತ್ರ ಎಲ್ಲ ಮುಗಿದಿದೆ, ಸುಮ್ಮನೆ ನಡೀರಿ," ಎಂದೆ.

ಗಾಡಿ ಗುಡ್ಡ ಇಳಿಯುವಾಗ ನಾನು ಮಾತಾಡಿದೆ. ಬಯ್ಯಲಿಲ್ಲ, ಬಯ್ಯುವಷ್ಟು ಶಕ್ತಿ ಇರಲಿಲ್ಲ.

"ಅವಳು ಕೇಳಿದಾಗ ನನ್ನ ಹತ್ರ ಹೇಳೋಕೆ ಏನೂ ಇರ್ಲಿಲ್ಲ ಕಣ್ರೀ. ನಿಮ್ಮ ಪೆನ್‌ರೋಸ್ ಆಫೀಸಲ್ಲಿ ಒಂದು ಲಾರಿ ಕಳೆದುಹೋದ್ರೆ ಹುಡುಕೋಕೆ ಚುಕ್ಕಿ ಇದೆ. ನನಗೆ ನೀವು ಕಳೆದುಹೋದ್ರೆ ಏನಿದೆ? ನೀವು ಸತ್ತೇ ಹೋದ್ರಿ ಅಂದುಕೊಂಡೆ. ಬಸ್ ತಪ್ಪಿದ್ರೆ ಇನ್ನೊಂದು ಬರುತ್ತೆ. ನೀವು ತಪ್ಪಿಹೋದ್ರೆ ಇನ್ನೊಬ್ಬರನ್ನ ಎಲ್ಲಿಂದ ತರ್ಲಿ?"

ಇವರು ಬಾಟಲಿಯ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಆಮೇಲೆ "ನೀ ಹೆಂಗ ಹುಡುಕಿದಿ?" ಎಂದರು.

"ಕೇಳ್ಕೊಂಡು ಬಂದೆ," ಎಂದೆ.

ದ್ವೀಪ ಅಲ್ಲಿಗೆ ಮುಗಿಯಿತು. ಉಳಿದ ದಾರಿಯನ್ನು ಕಾರಿನಲ್ಲಿ ಕ್ರಮಿಸಿ, ಡನೀಡಿನ್ ಸಮುದ್ರದಲ್ಲಿ ಊದಿದ ಕಾಲನ್ನು ಅದ್ದಿ ಬಂದರು, ಚಕ್ರ ಡಿಕ್ಕಿಯಲ್ಲೇ ಇತ್ತು. ಸಂಘದಲ್ಲಿ ಈಗ ಇವರು ಸೌತ್ ಐಲೆಂಡ್ ದಾಟಿದ ವಾಸುದೇವ್. ಯಾವುದರಲ್ಲಿ ದಾಟಿದ್ದು ಎಂದು ಯಾರೂ ಕೇಳಿಲ್ಲ, ಇವರೂ ಹೇಳಿಲ್ಲ. ಬೆನ್ನು ಹಿಡಿದಿದ್ದ ಪ್ರಮೋದ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ರಜೆ ಮುಗಿದು ಕೆಲಸಕ್ಕೆ ಹೊರಟ ಮೊದಲ ಸೋಮವಾರ. ನಾನು ಅಡುಗೆಮನೆಯಲ್ಲಿ ಇವರ ಡಬ್ಬಿ ಕಟ್ಟಿ ಕೊಟ್ಟೆ. ಇವರು ಕುಂಟುತ್ತಾ ಬಾಗಿಲಿಗೆ ಹೋಗಿ ಬೂಟು ಹಾಕಿಕೊಂಡರು. ಆದರೆ ಹೊರಡಲಿಲ್ಲ. ಚಿಲಕ ಹಿಡಿದುಕೊಂಡು ನಿಂತರು.

"ಏನಾದ್ರೂ ಮರೆತ್ರಾ?" ಎಂದೆ.

"ಕೇಳು," ಎಂದರು.

"ಏನನ್ನ?"

"ಏನಂತ ಗೊತ್ತೈತಿ ನಿನಗ. ಕೇಳು."

ನನ್ನ ಬಾಯಿಗೆ ಆ ಪದದ ರೂಢಿಯೇ ತಪ್ಪಿಹೋಗಿತ್ತು. ವಾರ್ಡಿನಲ್ಲಿ ದಿನಕ್ಕೆ ನೂರು ಸಲ ಇಂಗ್ಲಿಷಿನಲ್ಲಿ ಕೇಳುವ ಪ್ರಶ್ನೆ, ಮನೆಯ ಹೊಸ್ತಿಲಲ್ಲಿ ಕನ್ನಡದಲ್ಲಿ ನಾಲಿಗೆಗೆ ಬರಲು ಹೊತ್ತು ಹಿಡಿಯಿತು.

"ಎಲ್ಲಿಗ್ರೀ?" ಎಂದೆ.

ಇವರು ಒಮ್ಮೆ ಕಣ್ಣು ಮುಚ್ಚಿ ತೆರೆದರು. ಆಮೇಲೆ ಡ್ರೈವರು ಲೆಕ್ಕ ಒಪ್ಪಿಸುವ ಹಾಗೆ ಹೇಳಿದರು, "ಪೆನ್‌ರೋಸಿಗೆ. ಮೋಟರ್‌ವೇ ಮ್ಯಾಲೆ ಹೋಗ್ತೇನಿ. ಸಂಜಿಗೆ ಟ್ರಾಫಿಕ್ ಇದ್ರ ಮೌಂಟ್ ಆಲ್ಬರ್ಟ್ ಕಡೆಯಿಂದ ಬರ್ತೇನಿ. ಆರರೊಳಗ ಮನಿಗೆ ಬಂದಿರ್ತೇನಿ. ಬರಲಿಲ್ಲಂದ್ರ ಫೋನ್ ಮಾಡು, ಎತ್ತತೇನಿ."

ಹೋದರು. ಕಿಟಕಿಯಿಂದ ನೋಡಿದೆ. ಕಾರಿನ ಬಾಗಿಲು ತೆಗೆದರು, ಒಳಗೆ ಕೂತರು, ಎಂಜಿನ್ ಸದ್ದಾಯಿತು. ಸದ್ದು ನಿಂತಿತು. ಕಾರಿನ ಬಾಗಿಲು ಮತ್ತೆ ತೆರೆಯಿತು. ಕುಂಟುತ್ತಾ ವಾಪಸ್ಸು ಬಂದು, ನನ್ನ ಕಣ್ಣು ತಪ್ಪಿಸಿ, ಬೂಟು ಬಿಚ್ಚಿ, ತಮ್ಮ ಕುರ್ಚಿಯಲ್ಲಿ ಕೂತರು.

ನಾನು ನೀರಿನ ಲೋಟ ಮೊದಲೇ ತುಂಬಿಸಿ ಮೇಜಿನ ಮೇಲೆ ಇಟ್ಟಿದ್ದೆ. ನಿಧಾನವಾಗಿ ಪೂರ್ತಿ ಕುಡಿದರು. ಲೋಟ ಕೆಳಗಿಟ್ಟು, ಮತ್ತೆ ಬೂಟಿಗೆ ಕಾಲು ತೂರಿಸುತ್ತಾ ಹೇಳಿದರು:

"ನಾಳೆನೂ ಕೇಳು ರತ್ನಾ. ನಾ ಹತ್ತು ನಿಮಿಷ ಲಗೂನ ಹೊಂಡ್ತೇನಿ."